ಕನ್ನಡಕದ ಕಾಕಾ ಮತ್ತು ಐವತ್ತರ ಲೆನ್ಸ್

ಕಳೆದ ಶನಿವಾರ ಕ್ಯಾಮೆರಾ ಬ್ಯಾಗನ್ನು ಮಂಚದ ಮೇಲೆ ಬೋರಲು ಹಾಕಿ ಕೊಡವಿದಾಗ, ಒಂದಿಷ್ಟು ಮರಳಿನ ಜೊತೆಗೆ ಹಳದಿ ಬಟ್ಟೆಯ ತುಂಡೊಂದು ಬಿತ್ತು. ಅಂಗೈಗಿಂತ ತುಸು ದೊಡ್ಡದು, ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ್ದು. ಕನ್ನಡಕ ಕೊಂಡಾಗ ಡಬ್ಬಿಯೊಳಗೆ ಇಟ್ಟು ಕೊಡುತ್ತಾರಲ್ಲ, ಅಂಥದ್ದು. ಮೇಲಿದ್ದ ಅಂಗಡಿಯ ಹೆಸರು ಪೂರ್ತಿ ಅಳಿಸಿಹೋಗಿದೆ. ಹೆಸರಿನ ಪಕ್ಕದಲ್ಲಿ ಅಚ್ಚು ಹಾಕಿದ್ದ ಕನ್ನಡಕದ ಚಿತ್ರದಲ್ಲಿ ಒಂದು ಗಾಜು ಮಾತ್ರ ಉಳಿದಿದೆ. ಮೂಗಿಗೆ ಹಿಡಿದೆ. ಗಾಜು ಒರೆಸುವ ದ್ರಾವಣದ ವಾಸನೆ... ಇತ್ತೋ, ಇದೆಯೆಂದು ನಾನೇ ಅಂದುಕೊಂಡೆನೋ.

ಬ್ಯಾಗು ಖಾಲಿ ಮಾಡಿದ್ದು ಹೊಸ ಲೆನ್ಸಿಗೆ ಜಾಗ ಮಾಡಲಿಕ್ಕೆ. ಇಷ್ಟು ವರ್ಷ ಒಂದೇ ಲೆನ್ಸಿನಲ್ಲಿ ಕಾಲ ತಳ್ಳಿದ್ದೆ. ಅದನ್ನು ಆರಿಸಿದ ವಿವರವೆಲ್ಲ ಡೈರಿಯಲ್ಲಿ ತಾರೀಖಿನ ಸಮೇತ ಇದೆ. ಯಾವ ಯಾವ ಲೆನ್ಸು ನೋಡಿದೆ, ಯಾವುದರ ತೂಕ ಎಷ್ಟು, ಎಷ್ಟು ಹತ್ತಿರದಿಂದ ಫೋಕಸ್ ಆಗುತ್ತದೆ, ಎಲ್ಲ. ಕಾಕಾ ಆಡಿದ ಮಾತುಗಳು ಮಾತ್ರ ಅಲ್ಲಲ್ಲಿ ಅಂಚಿನಲ್ಲಿ ಗೀಚಿದ್ದು, ಅರ್ಧಂಬರ್ಧ. ಅವನ್ನು ಒಂದು ಕಡೆ ಸರಿಯಾಗಿ ಬರೆದಿಡಬೇಕು ಅನಿಸಿತು.

ದುಬೈಯ ಕರಾಮ ಬಡಾವಣೆಯ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ, ಒಂದು ಕೆಫೆಟೇರಿಯಾಕ್ಕೂ ಹೆಂಗಸರ ಟೈಲರ್ ಅಂಗಡಿಗೂ ನಡುವೆ, ಅವರ ಕನ್ನಡಕದ ಅಂಗಡಿ ಇತ್ತು. ರೈಲಿನ ಬೋಗಿಯ ಹಾಗೆ ಉದ್ದಕ್ಕಿತ್ತು, ಅಗಲವಿರಲಿಲ್ಲ. ಇಬ್ಬರು ಗಿರಾಕಿಗಳು ಎದುರುಬದುರಾದರೆ ಒಬ್ಬರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಎರಡೂ ಗೋಡೆಗೆ ಫ್ರೇಮುಗಳ ಸಾಲು, ಸಾಲುಗಳ ನಡುವೆ ಕನ್ನಡಿಗಳು, ಕೊನೆಯಲ್ಲಿ ಪರದೆಯ ಹಿಂದೆ ಕಣ್ಣು ಪರೀಕ್ಷೆಯ ಕುರ್ಚಿ. ಪಕ್ಕದ ಕೆಫೆಟೇರಿಯಾದಿಂದ ಏಲಕ್ಕಿ ಚಹಾದ ವಾಸನೆ ಬಂದು ಗಾಜಿನ ದ್ರಾವಣದ ವಾಸನೆಯೊಂದಿಗೆ ಸೇರುತ್ತಿತ್ತು.

ಕಾಕಾ ಉಳ್ಳಾಲದ ಕಡೆಯ ಬ್ಯಾರಿ. ಮಂಗಳೂರಿನಲ್ಲಿ ಕಣ್ಣು ಪರೀಕ್ಷೆಯ ಕೋರ್ಸು ಮುಗಿಸಿ ಹರೆಯದಲ್ಲೇ ದುಬೈಗೆ ಬಂದವರು. ಕರಾವಳಿಯ ಜನ ಅವರನ್ನು ಕಾಕ ಅನ್ನುತ್ತಿದ್ದರು. ನಾನು ಹಾವೇರಿಯವಳು, ನಮ್ಮಲ್ಲಿ ಚಿಕ್ಕಪ್ಪನಿಗೆ ಕಾಕಾ ಅನ್ನುವುದು. ಹಾಗಾಗಿ ನನಗೆ ಬೇರೆ ಹೆಸರು ಹುಡುಕುವ ಕೆಲಸ ಬೀಳಲಿಲ್ಲ.

ಮೊದಲ ಸಲ ಹೋಗಿದ್ದು ಕನ್ನಡಕದ ಕಾಲು ಮುರಿದಾಗ. ಆಗಷ್ಟೇ ಒಂದು ಕಂಪನಿಯ ಸ್ಟೋರ್ಸ್ ವಿಭಾಗಕ್ಕೆ ಸೇರಿದ್ದೆ. ಇಡೀ ದಿನ ಬೇರಿಂಗು, ವಾಷರ್ ಎಣಿಸಿ ಪಟ್ಟಿಗೆ ಸೇರಿಸುವುದೇ ಕೆಲಸ. ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಲೇ ಅಂಗಡಿಯೊಳಗೆ ಕಾಲಿಟ್ಟೆ. ಫೋನ್ ಇಟ್ಟಾಗ ಕಾಕಾ ನಗುತ್ತಿದ್ದರು.

"ನೀನು ಘಟ್ಟದವಳಾ?"

"ಹೌದ್ರಿ. ಹೆಂಗ ಗೊತ್ತಾತ್ರಿ?"

"ಹೇಗೆ ಗೊತ್ತಾಯ್ತು ಅಂತ ಕೇಳ್ತಿಯಲ್ಲ, ಹಾಗೇ ಗೊತ್ತಾಯ್ತು."

ಅಂದು ಅವರು ಕಣ್ಣನ್ನೂ ಪರೀಕ್ಷಿಸಿದರು. ದೂರದ ಇಂಗ್ಲಿಷ್ ಅಕ್ಷರಗಳನ್ನು ಓದಿಸಿದ ಮೇಲೆ ಮೇಜಿನ ಸೆಳೆಖಾನೆಯಿಂದ ಒಂದು ರಟ್ಟು ತೆಗೆದು ಕೈಗೆ ಕೊಟ್ಟರು. ಹತ್ತಿರದ ದೃಷ್ಟಿಗೆ ಓದಿಸುವ ಕನ್ನಡದ ಕಾರ್ಡು. ಮಕ್ಕಳ ಮನೆಗೆ ವಿಸಿಟ್ ವೀಸಾದಲ್ಲಿ ಬರುವ ಊರಿನ ಹಿರಿಯರಿಗೆಂದು ಮಂಗಳೂರಿನಿಂದ ತರಿಸಿಟ್ಟಿದ್ದು. ಮೇಲಿನ ಸಾಲು ದೊಡ್ಡದು, ಕೆಳಗಿಳಿದಂತೆ ಅಕ್ಷರ ಸಣ್ಣ. ಬಾವಿಕಟ್ಟೆಯ ಮೇಲೆ ಕೊಡ ಇದೆ. ಕೊಡದ ಪಕ್ಕದಲ್ಲಿ ಹಗ್ಗ ಇದೆ... ದುಬೈಗೆ ಬಂದ ಮೇಲೆ ಕನ್ನಡವನ್ನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ನನ್ನ ಕಣ್ಣಿಗೆ ಆ ಕಾರ್ಡಿನ ಅಗತ್ಯವೇ ಇರಲಿಲ್ಲ ಎಂದು ಆಮೇಲೆ ಅವರೇ ಹೇಳಿದರು. ಯಾರಾದರೂ ಅದನ್ನು ಓದುವುದು ಕೇಳದೆ ಬಹಳ ದಿನ ಆಗಿತ್ತಂತೆ.

ಅಲ್ಲಿಂದ ಮುಂದೆ ಆಫೀಸಿನಿಂದ ಬರುವಾಗ ಮೆಟ್ರೋ ಇಳಿದು ಅಂಗಡಿಗೆ ಹೋಗಿ ಬರುವುದು ರೂಢಿಯಾಯಿತು.

ಕ್ಯಾಮೆರಾ ಕೊಳ್ಳಬೇಕೆಂಬ ಆಸೆ ಕಾಲೇಜಿನ ದಿನದಿಂದಲೂ ಇತ್ತು. ಕೊಳ್ಳುವ ಶಕ್ತಿ ಬಂದಾಗ ಗೊತ್ತಾಯಿತು, ಕ್ಯಾಮೆರಾ ಆರಿಸುವುದು ಸುಲಭ, ಲೆನ್ಸು ಆರಿಸುವುದು ಕಷ್ಟ. ಲೆನ್ಸಿನ ಕತ್ತಿನ ಸುತ್ತ ಅಂಕಿಗಳೇ ಅಂಕಿಗಳು. ನಾನು ಸ್ಟೋರ್ಸಿನವಳು, ಅಂಕಿ ಕಂಡರೆ ಪಟ್ಟಿ ಮಾಡುತ್ತೇನೆ. ಡೈರಿಯಲ್ಲಿ ಅಡ್ಡಗೆರೆ ಉದ್ದಗೆರೆ ಎಳೆದು, ಒಂದೊಂದು ಲೆನ್ಸಿಗೆ ಒಂದೊಂದು ಸಾಲು ಮಾಡಿದೆ. ಮಾಲ್‌ನಲ್ಲಿ ಒಬ್ಬ ಸೇಲ್ಸ್‌ಮನ್ ಕ್ಯಾಮೆರಾ, ಬ್ಯಾಗು, ಸ್ಟ್ಯಾಂಡು ಎಲ್ಲ ಸೇರಿಸಿ ಒಂದು ದೊಡ್ಡ ಜೂಮ್ ಲೆನ್ಸಿನ ಜೊತೆ ಕಟ್ಟಿಕೊಡಲು ಸಿದ್ಧನಿದ್ದ. ಹತ್ತಿರದ್ದೂ ಬರುತ್ತದೆ, ದೂರದ್ದೂ ಬರುತ್ತದೆ, ಇದೊಂದಿದ್ದರೆ ಸಾಕು ಎಂದಿದ್ದ. ಪಟ್ಟಿಯಲ್ಲಿ ಅದಕ್ಕೇ ನಕ್ಷತ್ರದ ಗುರುತು ಹಾಕಿದ್ದೆ.

ಕಾಕಾ ಡೈರಿಯನ್ನು ದೀಪದ ಕೆಳಗೆ ಹಿಡಿದು ನೋಡಿದರು.

"ಎಂಥದ್ದು ಮಾರಾಯ್ತಿ ಇದು? ಕ್ಯಾಮೆರಾ ತೆಕ್ಕೊಳ್ಳುದಾ, ಪರೀಕ್ಷೆ ಬರೆಯುದಾ?" ಎಂದರು. ಆಮೇಲೆ ನಕ್ಷತ್ರದ ಸಾಲಿನ ಮೇಲೆ ಬೆರಳಿಟ್ಟು, "ಹದಿನೆಂಟು, ನೂರ ನಲ್ವತ್ತು. ಇದು ನನ್ನ ಫ್ರೇಮ್ ಅಲ್ವಾ?"

"ಹಂಗಲ್ರಿ ಕಾಕಾ, ಅದು ಲೆನ್ಸಿಂದು."

ಅವರು ಗೋಡೆಯಿಂದ ಒಂದು ಕನ್ನಡಕ ಇಳಿಸಿ ಅದರ ಕಾಲಿನ ಒಳಬದಿ ತೋರಿಸಿದರು. ನಿಜವಾಗಿಯೂ ಅಲ್ಲಿ ಐವತ್ತೆರಡು, ಹದಿನೆಂಟು, ನೂರ ನಲವತ್ತು ಎಂದು ಬರೆದಿತ್ತು. ಗಾಜಿನ ಅಗಲ ಐವತ್ತೆರಡು ಮಿಲಿಮೀಟರು, ಮೂಗಿನ ಸೇತುವೆ ಹದಿನೆಂಟು, ಕಾಲಿನ ಉದ್ದ ನೂರ ನಲವತ್ತು. ಹಾಗಾಗಿ ಲೆನ್ಸಿನ ಅಂಕಿಗಳನ್ನೂ ಅವರು ಫ್ರೇಮ್ ಓದಿದ ಹಾಗೇ ಓದಿದರು. ಸೊನ್ನೆಗೆ ಗೀರು ಹಾಕಿದ ಗುರುತಿನ ಮುಂದೆ ಅರವತ್ತೇಳು ಎಂದಿದ್ದರೆ ಗಾಜು ಅಷ್ಟು ಅಗಲ, ದೊಡ್ಡ ಗಾಜು ಇದ್ದದ್ದೇ ಒಳ್ಳೆಯ ಲೆನ್ಸು, ತೀರ್ಮಾನ ಆಯಿತು. ನಾನು ಮನೆಗೆ ಹೋಗಿ ಓದಿ, ಮರುದಿನ ಬಂದು ಹೇಳಿದೆ: ಅದು ಬರೀ ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಫಿಲ್ಟರಿನ ಅಳತೆ, ಒಳ್ಳೆಯದು ಕೆಟ್ಟದ್ದು ಅದರಲ್ಲಿ ಇಲ್ಲ.

"ಹಾಗಾದ್ರೆ ಮುಚ್ಚಳದ ಅಳತೆ ಅಂತ ಹೇಳು," ಎಂದರು. ಒಂದು ಕ್ಷಣ ಬೇಸರವಾದಂತೆ ಕಂಡಿತು.

ಹೀಗೆ ಒಂದೊಂದೇ ಅಂಕಿ. ನಾನು ಓದಿ ಬರುವುದು, ಅವರು ಅದನ್ನು ಕಣ್ಣಿಗೆ ಹೋಲಿಸುವುದು. ಕೆಲವು ಕೂಡಿಬರುತ್ತಿದ್ದವು, ಕೆಲವು ಇಲ್ಲ. ಶಾಲೆಯಲ್ಲಿ ಸಂಗಮ ದೂರ ಎಂದು ಬಾಯಿಪಾಠ ಮಾಡಿದ್ದ ಫೋಕಲ್ ಲೆಂತ್ ಬೇಗ ತಿಳಿಯಿತು. ಅಂಕಿ ಕಡಿಮೆ ಇದ್ದರೆ ಅಗಲ ನೋಟ, ಹೆಚ್ಚಿದ್ದರೆ ದೂರದ್ದು ಹತ್ತಿರ. ಆದರೆ ನಾನು ಕೊಳ್ಳಲಿದ್ದ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದು, ಅದಕ್ಕೆ ಹಾಕಿದಾಗ ಐವತ್ತರ ಲೆನ್ಸು ಎಪ್ಪತ್ತೈದರ ಹಾಗೆ ಕಾಣುತ್ತದೆ ಎಂದಾಗ ಕಾಕಾ ಒಪ್ಪಲಿಲ್ಲ.

"ಐವತ್ತು ಎಪ್ಪತ್ತೈದು ಆಗುದು ಹೇಗೆ? ದಿರ್ಹಮನ್ನು ರೂಪಾಯಿ ಮಾಡಿದ ಹಾಗಾ?"

ಹೆಚ್ಚುಕಡಿಮೆ ಹಾಗೆಯೇ, ಲೆನ್ಸು ಅದೇ, ಊರು ಬದಲಾದರೆ ಬೆಲೆ ಬದಲು ಎಂದೆ. ಅಂಚಿನಲ್ಲಿ ಅದನ್ನೂ ಗೀಚಿಕೊಂಡಿದ್ದೇನೆ.

ನನಗೆ ತಲೆಗೆ ಹತ್ತದೆ ಉಳಿದದ್ದು ಎಫ್ ಅಂಕಿ. ಒಂದು ಪಾಯಿಂಟ್ ಎಂಟು ಅಂದರೆ ಹೆಚ್ಚು ಬೆಳಕು, ಐದು ಪಾಯಿಂಟ್ ಆರು ಅಂದರೆ ಕಡಿಮೆ. ಅಂಕಿ ಇಳಿದರೆ ಬೆಳಕು ಏರುವುದು ಯಾವ ನ್ಯಾಯ? ಸ್ಟೋರ್ಸಿನಲ್ಲಿ ಹಾಗೆ ಎಂದೂ ಆಗುವುದಿಲ್ಲ. ಕಾಕಾ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ ದೀಪ ಆರಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಪಕ್ಕದಿಂದ ಸಣ್ಣ ಟಾರ್ಚನ್ನು ನನ್ನ ಕಣ್ಣಿನ ಮೇಲೆ ಹಾಯಿಸಿದರು. ಅಗಲವಾಗಿ ಅರಳಿದ್ದ ಪಾಪೆ ನಾನು ನೋಡುತ್ತಿದ್ದಂತೆಯೇ ಮುದುಡಿ ಸಾಸಿವೆಯಷ್ಟಾಯಿತು. ನನ್ನ ಕಣ್ಣೇ, ಅಷ್ಟು ವರ್ಷ ಜೊತೆಗಿದ್ದದ್ದು, ಹಾಗೆ ಮಾಡುವುದನ್ನು ಅದುವರೆಗೂ ನೋಡಿರಲಿಲ್ಲ. ಲೆನ್ಸಿನೊಳಗೂ ಅಂಥದೇ ಒಂದು ಪಾಪೆ ಇದೆ. ಸಂಗಮ ದೂರವನ್ನು ಆ ಪಾಪೆಯ ಅಗಲದಿಂದ ಭಾಗಿಸಿದರೆ ಬರುವುದೇ ಎಫ್ ಅಂಕಿ. ಪಾಪೆ ಅರಳಿದಷ್ಟೂ ಭಾಗಲಬ್ಧ ಚಿಕ್ಕದು. ಭಾಗಾಕಾರ ನನ್ನದು, ಪಾಪೆ ಅವರದ್ದು.

"ನಂಬರ್ ಕಡಿಮೆ ಇದ್ದಷ್ಟು ಒಳ್ಳೇದು. ನಮ್ಮ ಕನ್ನಡಕದ್ದೂ ಹಾಗೇ ಅಲ್ವಾ," ಎಂದು ಕಾಕಾ ದೀಪ ಹಾಕಿದರು.

ಆ ಚಳಿಗಾಲದಲ್ಲೇ ಕಟ್ಟಡದ ಮಾಲೀಕರಿಂದ ನೋಟಿಸ್ ಬಂತು. ನೆಲಮಹಡಿಯ ಅಂಗಡಿಗಳನ್ನೆಲ್ಲ ಒಡೆದು ಒಂದೇ ದೊಡ್ಡ ಸೂಪರ್ ಮಾರ್ಕೆಟ್ ಮಾಡುತ್ತಾರಂತೆ. ಟೈಲರ್ ಬೇರೆ ಬೀದಿಯಲ್ಲಿ ಜಾಗ ಹಿಡಿದರು. ಕಾಕಾ ಹುಡುಕಲೇ ಇಲ್ಲ. "ಖಲಾಸ್, ಇನ್ನು ಊರು," ಎಂದರು. ಅಂಗಡಿಯ ಸಾಮಾನು ಇಂಥವರಿಗೆ, ವೀಸಾ ಕ್ಯಾನ್ಸಲ್ ಇಂಥ ತಿಂಗಳು ಎಂದು ಎಲ್ಲ ಸರಾಗವಾಗಿ ಹೇಳಿದರು. ಆಮೇಲೆ, ಫ್ರೇಮುಗಳನ್ನು ಸುಮ್ಮನೆ ಆಚೀಚೆ ಜೋಡಿಸುತ್ತ, ಉಮ್ಮನ ವಿಷಯ ತೆಗೆದರು.

ಅವರ ತಾಯಿ ಊರಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ದುಬೈಗೆ ಒಮ್ಮೆಯೂ ಬಂದವರಲ್ಲ, ವಿಮಾನವೆಂದರೆ ಭಯ. ಅವರಿಗೆ ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡದಿಂದ ನರ ಸಾಯುವ ಕಾಯಿಲೆ. ಹನಿ ಔಷಧಿಯಿಂದ ತಡೆಯಬಹುದು, ಹೋದದ್ದು ಮರಳುವುದಿಲ್ಲ. ಪ್ರತಿ ರಜೆಗೆ ಹೋದಾಗಲೂ ಕಾಕಾ ತಾವೇ ಪರೀಕ್ಷಿಸುತ್ತಿದ್ದರು, ಪ್ರತಿ ಸಲವೂ ಇನ್ನಷ್ಟು ಹೋಗಿರುತ್ತಿತ್ತು. ಉಳಿದ ದೃಷ್ಟಿಗೂ ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಈಗ ಅಂದಿದ್ದರು.

"ಇಲ್ಲಿ ಎಷ್ಟು ಜನಕ್ಕೆ ಕನ್ನಡಕ ಕೊಟ್ಟಿದ್ದೇನೆ... ಉಮ್ಮನಿಗೆ ನನ್ನ ಅಂಗಡಿ ಒಂದು ತೋರಿಸ್ಲಿಕ್ಕೆ ಆಗ್ಲಿಲ್ಲ. ಯಾವಾಗ ಫೋನ್ ಮಾಡಿದ್ರೂ ಕೇಳುದು, ಅಂಗಡಿ ಹೇಗುಂಟು, ದೊಡ್ಡದುಂಟಾ ಅಂತ."

"ನೀವೇನ್ ಹೇಳೀರಿ?"

"ದೊಡ್ಡದು ಅಂತ ಹೇಳಿದ್ದೇನೆ." ಅವರು ಕನ್ನಡಿಯ ಕಡೆ ನೋಡಿದರು. "ಸಣ್ಣದು ಅಂತ ಯಾರು ಹೇಳ್ತಾರೆ?"

ಅಂಗಡಿ ಹೋಗುವ ಮೊದಲು, ಉಮ್ಮನ ಕಣ್ಣು ಹೋಗುವ ಮೊದಲು, ಒಂದು ಒಳ್ಳೆಯ ಫೋಟೋ ಬೇಕಿತ್ತು. ಫೋನಿನಲ್ಲಿ ಎಷ್ಟೋ ಸಲ ತೆಗೆದಿದ್ದರಂತೆ, ಎಲ್ಲದರಲ್ಲೂ ಅಂಗಡಿ ಒಂದು ಓಣಿಯಂತೆ ಬರುತ್ತಿತ್ತು. ಪೂರ್ತಿ ಬರುವಂಥ ಲೆನ್ಸು ಯಾವುದು ಎಂದು ಕೇಳಿದರು.

ಅದು ನನ್ನ ಪಟ್ಟಿಯಲ್ಲಿತ್ತು. ಹತ್ತರಿಂದ ಹದಿನೆಂಟರ ಅಗಲದ ಲೆನ್ಸು. ದುಬೈಯಲ್ಲಿ ಮನೆ ಬಾಡಿಗೆಯ ಜಾಹೀರಾತು ಹಾಕುವವರು ಅದರಲ್ಲೇ ಫೋಟೋ ತೆಗೆಯುತ್ತಾರೆ, ಪಾರ್ಟಿಶನ್ ಹಾಕಿದ ಕೋಣೆ ಮದುವೆ ಹಾಲಿನಂತೆ ಕಾಣುತ್ತದೆ. ನಾನೂ ಹಾಗೆ ಒಮ್ಮೆ ಮೋಸಹೋಗಿ ಹಾಸಿಗೆ ಮಡಚಿದರೆ ಮಾತ್ರ ಬಾಗಿಲು ತೆರೆಯುವ ಕೋಣೆಯಲ್ಲಿ ಇದ್ದವಳು. ಆ ಹೊತ್ತಿಗೆ ದೊಡ್ಡ ಜೂಮಿನ ನಕ್ಷತ್ರವನ್ನು ಅಳಿಸಿಯಾಗಿತ್ತು. ಫೋನಿನಲ್ಲಿದ್ದ ನನ್ನ ಫೋಟೋಗಳನ್ನೆಲ್ಲ ವಿಂಗಡಿಸಿ ಲೆಕ್ಕ ಹಾಕಿದಾಗ, ದೂರದ್ದು ಅಂತ ನಾನು ತೆಗೆದದ್ದೇ ಇಲ್ಲವೆಂದು ತಿಳಿದಿತ್ತು. ಇದ್ದವೆಲ್ಲ ಹತ್ತಿರದ ಮನುಷ್ಯರು, ಇಲ್ಲವೇ ಇಕ್ಕಟ್ಟಿನ ಕೋಣೆಗಳು. ಹಾಗಾಗಿ ಉಳಿದದ್ದು ಎರಡೇ: ಒಂದು ಪಾಯಿಂಟ್ ಎಂಟರ ಐವತ್ತು, ಇಲ್ಲವೇ ಈ ಅಗಲದ್ದು. ಎರಡನ್ನೂ ಕೊಳ್ಳುವಂತಿರಲಿಲ್ಲ. ಕಾಕಾರ ಫೋಟೋ ಯಾವುದರಲ್ಲಿ ಚೆನ್ನಾಗಿ ಬರುತ್ತದೋ ಅದನ್ನೇ ಕೊಳ್ಳುವುದೆಂದು ನಿರ್ಧರಿಸಿದೆ.

ಅದೇ ಬೀದಿಯ ಕ್ಯಾಮೆರಾ ಅಂಗಡಿಯ ಮಲಯಾಳಿ, ಎಲ್ಲರ ಬಾಯಲ್ಲಿ ಚೇಟ ಅಂದರೆ ಅಣ್ಣ, ಕಾಕಾರ ಗಿರಾಕಿ. ಕರಾಮದ ಹಳೆಯ ಅಂಗಡಿಗಳವರು ಒಬ್ಬರಿಗೊಬ್ಬರು ಏಣಿ, ಚಿಲ್ಲರೆ, ಕುರ್ಚಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಹಾಗೆಯೇ ಚೇಟ ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಶೋಕೇಸಿನ ಕ್ಯಾಮೆರಾವನ್ನೂ ಎರಡು ಲೆನ್ಸುಗಳನ್ನೂ ಸಂಜೆಗೆ ಮರಳಿಸಬೇಕೆಂದು ಹೇಳಿ ಕೊಟ್ಟರು.

ಕಾಕಾ ಜುಮಾ ನಮಾಜು ಮುಗಿಸಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಬಂದರು. ಕನ್ನಡಿಗಳನ್ನೆಲ್ಲ ಒರೆಸಿದರು. ದೀಪಗಳನ್ನೆಲ್ಲ ಹಾಕಿದರು. ನಾನು ಬಾಗಿಲಿಗೆ ಬೆನ್ನು ಹಚ್ಚಿ ನಿಂತು, ಅಗಲದ ಲೆನ್ಸನ್ನು ಹತ್ತಕ್ಕೆ ತಿರುಗಿಸಿದೆ. ಅವರು ಮೊದಲು ಗೋಡೆಯ ಪಕ್ಕ ನಿಂತರು, ಫೋಟೋದಲ್ಲಿ ಅಂಚಿಗೆ ಬಂದ ಅವರ ಮುಖ ಹಲಸಿನ ಹಣ್ಣಿನಂತೆ ಉದ್ದವಾಗಿ ಎಳೆದುಕೊಂಡಿತ್ತು. ಇಬ್ಬರೂ ನಕ್ಕೆವು. ಆಮೇಲೆ ನಟ್ಟನಡುವೆ, ಕೊನೆಯಲ್ಲಿ, ಪರದೆಯ ಮುಂದೆ ನಿಂತರು.

ಕ್ಯಾಮೆರಾದ ಪರದೆಯನ್ನು ಕಾಕಾ ಕಣ್ಣ ಹತ್ತಿರ ಹಿಡಿದು ನೋಡಿದರು. ಓಣಿ ಹೋಗಿ ಅರಮನೆಯಾಗಿತ್ತು. ಎರಡೂ ಗೋಡೆಗಳು ದೂರ ಸರಿದಿದ್ದವು, ಕನ್ನಡಿಯೊಳಗೆ ಕನ್ನಡಿ, ಫ್ರೇಮುಗಳ ಸಾಲುಗಳು ಕಣ್ಣು ಹಾಯುವವರೆಗೆ. "ಇದು ಅಂಗಡಿ," ಎಂದರು ಕೊನೆಗೆ. "ನೀನು ಇದೇ ತೆಕ್ಕೋ ಮಗಳೇ."

ಅಲ್ಲಿಯೇ ನಿಂತು ಫೋಟೋವನ್ನು ಊರಿಗೆ ಕಳಿಸಿದೆವು. ತಮ್ಮನ ಮಗಳು ಅದನ್ನು ದೊಡ್ಡ ಟ್ಯಾಬಿನಲ್ಲಿ ಅಜ್ಜಿಗೆ ತೋರಿಸುತ್ತೇನೆಂದು ಬರೆದಳು. ನಾವು ಕೆಫೆಟೇರಿಯಾದಿಂದ ಚಹಾ ತರಿಸಿ ಕುಡಿದೆವು. ಬಹಳ ಹೊತ್ತಾದ ಮೇಲೆ ಒಂದು ಧ್ವನಿ ಸಂದೇಶ ಬಂತು. ವಯಸ್ಸಾದ ಹೆಂಗಸಿನ ದನಿ, ಬ್ಯಾರಿ ಮಾತಿನಲ್ಲಿ, ನಿಧಾನವಾಗಿ. ನನಗೆ ಅರ್ಥವಾಗಲಿಲ್ಲ. ಕಾಕಾ ಎರಡು ಸಲ ಕೇಳಿದರು. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು.

"ಏನಂದ್ರು ಕಾಕಾ?"

"ಅಂಗಡಿಯ ಫೋಟೋ ಅಂತ ಹೇಳ್ತಾ ಇದ್ದಾರೆ, ನನಗೆ ಎಂಥದೋ ಬಿಳಿ ಬಿಳಿ ಕಾಣ್ತದೆ. ನೀನು ಎಲ್ಲಿದ್ದಿ? ಹಾಗಂತ ಕೇಳ್ತಾರೆ."

ನೀವು ನಡುವೆಯೇ ಇದ್ದೀರಲ್ಲ ಎಂದೆ ನಾನು. ಕಾಕಾ ಸೆಳೆಖಾನೆಯಿಂದ ಕನ್ನಡದ ಆ ಕಾರ್ಡನ್ನು ತೆಗೆದು, ಸುರುಳಿ ಸುತ್ತಿ ಕೊಳವೆ ಮಾಡಿ, ನನ್ನ ಒಂದು ಕಣ್ಣಿಗೆ ಹಿಡಿದು ಇನ್ನೊಂದನ್ನು ಮುಚ್ಚಿಕೊಳ್ಳಲು ಹೇಳಿದರು. ಕ್ಯಾಮೆರಾದ ಪರದೆಯನ್ನು ಎದುರಿಗೆ ತಂದು, "ಈಗ ನನ್ನನ್ನು ಹುಡುಕು," ಎಂದರು.

ಕೊಳವೆಯ ತುದಿಯಲ್ಲಿ ಒಂದು ತುಂಡು ಗೋಡೆ ಕಂಡಿತು. ಸ್ವಲ್ಪ ಸರಿಸಿದೆ, ಕನ್ನಡಿಯ ಮೂಲೆ. ಇನ್ನೂ ಸರಿಸಿದೆ, ದೀಪ. ಮತ್ತೆ ಗೋಡೆ. ಅವರೆಲ್ಲಿ ನಿಂತಿದ್ದಾರೆಂದು ಗೊತ್ತಿದ್ದೂ ತಡಕಾಡುತ್ತಿದ್ದೆ. ಸಿಕ್ಕಾಗ ಬೆರಳ ಉಗುರಿನಷ್ಟೂ ಇರಲಿಲ್ಲ, ಬಿಳಿ ಅಂಗಿ ಮಾತ್ರ.

"ಉಮ್ಮ ನೋಡುದು ಹೀಗೆ. ಬದಿಯದ್ದೆಲ್ಲ ಹೋಗಿದೆ, ನಡುವೆ ಇಷ್ಟು ಉಂಟು." ಅವರು ಕೊಳವೆಯನ್ನು ಬಿಚ್ಚಿ ಕಾರ್ಡನ್ನು ಅಂಗೈಯಿಂದ ನೇರ ಮಾಡುತ್ತಿದ್ದರು, ಅದು ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು. "ನಾನೇ ಟೆಸ್ಟ್ ಮಾಡಿದ್ದು. ಎಷ್ಟು ಕಾಣ್ತದೆ ಅಂತ ಚಾರ್ಟ್ ನಾನೇ ಬರೆದದ್ದು. ಅಂಗಡಿ ದೊಡ್ಡದು ಕಾಣ್ಬೇಕು ಅಂತ... ನೋಡು, ತಲೆಗೇ ಬರ್ಲಿಲ್ಲ."

ಪಕ್ಕದಲ್ಲಿ ಯಾರೋ ಪರಾಟ ಬಡಿಯುತ್ತಿದ್ದ ಸದ್ದು. ಸಂಜೆಯಾಗುತ್ತ ಬಂದಿತ್ತು, ಚೇಟನಿಗೆ ಸಾಮಾನು ಮರಳಿಸಬೇಕು. ನಾನು ಲೆನ್ಸು ಬದಲಿಸಿದೆ. ಐವತ್ತರದ್ದು ಹಗುರ, ಚಿಕ್ಕದು, ಅಂಗೈಯಲ್ಲಿ ಒಂದು ಲಡ್ಡುವಿನಷ್ಟು. ಬಾಗಿಲಿನಿಂದ ನೋಡಿದರೆ ಅಂಗಡಿಯ ಒಂದು ತುಣುಕೂ ಸರಿಯಾಗಿ ಬರುತ್ತಿರಲಿಲ್ಲ. ಮುಂದೆ ಬಂದೆ. ಅವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ಪಾಪೆಯನ್ನು ಪೂರ್ತಿ ಅರಳಿಸಿ, ಒಂದು ಪಾಯಿಂಟ್ ಎಂಟಕ್ಕೆ ಇಟ್ಟೆ.

"ಕಾರ್ಡ್ ಹಿಡೀರಿ ಕಾಕಾ, ಮೊದ್ಲು ಫೋಕಸ್ ನೋಡ್ತೀನಿ."

ಅವರು ಕಾರ್ಡನ್ನು ಎದೆಯ ಹತ್ತಿರ ಓರೆಯಾಗಿ ಹಿಡಿದರು. ಹತ್ತಿರ ಬಂದು ಕ್ಲಿಕ್ಕಿಸಿದೆ. ಕೊಡದ ಪಕ್ಕದಲ್ಲಿ ಹಗ್ಗ ಇದೆ ಎಂಬ ಒಂದು ಸಾಲು ಮಾತ್ರ ಸ್ಪಷ್ಟ, ಅದರ ಮೇಲಿನದು ಕೆಳಗಿನದು ಎಲ್ಲ ಮಸುಕು. ಇಷ್ಟು ತೆಳ್ಳಗೆ ಫೋಕಸ್ ಇರುವುದೆಂದು ಓದಿದ್ದೆ, ನೋಡಿದ್ದು ಆಗಲೇ. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿ ತಪ್ಪುತ್ತದೆ. ನಾನು ಕಣ್ಣಿಗೇ ಮಾಡಿದೆ.

"ನಗಬೇಕಾ?"

"ಬ್ಯಾಡ್ರಿ. ಗಿರಾಕಿ ಬಂದಾಗ ನೋಡ್ತೀರಲ್ಲ, ಹಂಗ ನೋಡ್ರಿ."

ಅವರು ತಲೆ ಸ್ವಲ್ಪ ತಗ್ಗಿಸಿ ತಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ಆ ಫೋಟೋದಲ್ಲಿ ಅಂಗಡಿ ಇರಲಿಲ್ಲ. ಮುಖ, ಬಿಳಿ ಕೊರಳಪಟ್ಟಿ, ಅರ್ಧ ನರೆತ ಗಡ್ಡ, ಇಷ್ಟೇ. ಹಿಂದಿನ ಫ್ರೇಮುಗಳೂ ಕನ್ನಡಿಗಳೂ ಕರಗಿ ದುಂಡುದುಂಡಾದ ಬೆಳಕಿನ ಹನಿಗಳಾಗಿದ್ದವು, ಹೊನ್ನಿನ ಬಣ್ಣದ್ದು ಕೆಲವು, ಬಿಳಿಯವು ಕೆಲವು. ಕಾಕಾ ಬಹಳ ಹೊತ್ತು ನೋಡಿ, "ಅಂಗಡಿ ಎಲ್ಲಿ ಹೋಯ್ತು?" ಎಂದರು. ಕಳಿಸುವುದೋ ಬೇಡವೋ ಎಂದು ಹಿಂದೆಮುಂದೆ ನೋಡಿ ಕೊನೆಗೆ ಕಳಿಸಿದರು.

ಈ ಸಲ ಸಂದೇಶವಲ್ಲ, ಕರೆಯೇ ಬಂತು. ಕಾಕಾ ಮಾತಾಡುತ್ತ ಮಾತಾಡುತ್ತ ನನಗೆ ಬೆನ್ನು ಮಾಡಿ ನಿಂತರು. ಆದರೆ ಎರಡೂ ಗೋಡೆಗೆ ಕನ್ನಡಿ ಇರುವ ಅಂಗಡಿಯಲ್ಲಿ ಮುಖ ಮರೆಸಲಿಕ್ಕಾಗುವುದಿಲ್ಲ. ನಾನು ಲೆನ್ಸಿಗೆ ಮುಚ್ಚಳ ಹಾಕುತ್ತ ಕೆಳಗೆ ನೋಡಿದೆ.

"ನಾನು ಬಡವಾಗಿದ್ದೇನಂತೆ," ಎಂದರು ಫೋನ್ ಇಟ್ಟು. "ಗಡ್ಡ ಬೆಳ್ಳಗಾದದ್ದು ಯಾಕೆ ಹೇಳ್ಲಿಲ್ಲ ಅಂತ ಬೈದ್ರು. ಮತ್ತೆ, ಹಿಂದೆ ಮಿಣಿಮಿಣಿ ಮಾಡ್ತಾ ಇರುದು ಎಂಥದು ಅಂತ ಕೇಳಿದ್ರು."

"ಏನಂದ್ರಿ?"

"ಅಂಗಡಿ ಅಂದೆ." ಅವರು ಹಳದಿ ಬಟ್ಟೆಯಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ತುಂಬ ದೊಡ್ಡದುಂಟು ಅಂದ್ರು ಉಮ್ಮ."

ಸಂಜೆ ಚೇಟನ ಅಂಗಡಿಗೆ ಹೋಗಿ ಅಗಲದ ಲೆನ್ಸನ್ನು ಮರಳಿಸಿದೆ. ಐವತ್ತರದ್ದನ್ನೂ ಕ್ಯಾಮೆರಾವನ್ನೂ ಅಲ್ಲಿಯೇ ಕೊಂಡೆ. ಮೊದಲ ಫೋಟೋವನ್ನು ಅಳಿಸಿಬಿಡು ಎಂದು ಕಾಕಾ ಹೇಳಿದ್ದರು. ಜನ ನೋಡಿ ನಂಬಿಯಾರು ಎಂದು ನಕ್ಕಿದ್ದರು. ಹೇಳಿದ ಹಾಗೇ ಅಳಿಸಿದೆ. ಹೊಸ ಕ್ಯಾಮೆರಾ ಬ್ಯಾಗಿಗೆ ಅವರು ಒಂದು ಹಳದಿ ಬಟ್ಟೆ ಹಾಕಿಕೊಟ್ಟರು. ಅಂಗಿಯ ತುದಿಯಿಂದ ಒರೆಸಬೇಡ, ಈ ಬಟ್ಟೆಯನ್ನೂ ಹಳೆಯದಾದ ಮೇಲೆ ಬಿಸಾಡು, ಅದರಲ್ಲಿ ಕೂತ ಮರಳು ಗಾಜಿಗೆ ಗೀರು ಹಾಕುತ್ತದೆ ಎಂದರು.

ಮುಂದಿನ ತಿಂಗಳು ಅವರು ಊರಿಗೆ ಹೋದರು. ಮನೆಯ ಜಗಲಿಯಲ್ಲಿ ಅಕ್ಕಪಕ್ಕದವರ ಕಣ್ಣು ನೋಡುತ್ತಿದ್ದೇನೆ ಎಂದು ಸಂದೇಶ ಕಳಿಸುತ್ತಿದ್ದರು. "ಯಲ್ಲಾ, ಬೇಗ ಫೋಟೋ ಕಳಿಸು" ಎಂದು ಹಬ್ಬಕ್ಕೊಮ್ಮೆ ನೆನಪಿಸುತ್ತಿದ್ದರು. ನಾನು ಕಳಿಸುತ್ತಿದ್ದೆ, ಅವರು ಪ್ರತಿ ಫೋಟೋಕ್ಕೂ ಯಾವ ಎಫ್ ಅಂಕಿ ಎಂದು ಕೇಳುತ್ತಿದ್ದರು. ಒಮ್ಮೊಮ್ಮೆ ತಾವೇ ಊಹಿಸಿ ಬರೆಯುತ್ತಿದ್ದರು. ಹೆಚ್ಚಿನ ಸಲ ತಪ್ಪಾಗಿರುತ್ತಿತ್ತು...

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಅಲ್ ಐನ್ ಊರಿನ ಗೋದಾಮಿನಲ್ಲಿ ವರ್ಷದ ಕೊನೆಯ ಸ್ಟಾಕ್ ಎಣಿಸುತ್ತಿದ್ದೆ. ತಮ್ಮನ ಮಗಳು ಬರೆದಿದ್ದಳು, ಬೆಳಿಗ್ಗೆ ಎದೆನೋವು ಬಂತು, ಆಸ್ಪತ್ರೆ ಮುಟ್ಟಲಿಲ್ಲ ಎಂದು. ಎಣಿಕೆ ತಪ್ಪಿತು. ಮೊದಲಿನಿಂದ ಶುರು ಮಾಡಿದೆ, ಮತ್ತೆ ತಪ್ಪಿತು. ಆ ದಿನದ ಡೈರಿಯಲ್ಲಿ ತಾರೀಖು ಮಾತ್ರ ಇದೆ.

ಉಮ್ಮ ಇನ್ನೂ ಇದ್ದಾರೆ. ಈಗ ಅವರಿಗೆ ಏನೂ ಕಾಣುವುದಿಲ್ಲ. ಮುದ್ರಿಸಿ ಕಟ್ಟು ಹಾಕಿಸಿದ ಆ ಫೋಟೋ ಮಾತ್ರ ತಲೆದಿಂಬಿನ ಪಕ್ಕದಲ್ಲೇ ಇರಬೇಕಂತೆ. ಮಗನ ವಿಷಯ ಯಾರಾದರೂ ಎತ್ತಿದರೆ ಗಾಜಿನ ಮೇಲೆ ಕೈಯಾಡಿಸಿ, ಅವನು ಅಂಗಡಿಯಲ್ಲಿದ್ದಾನೆ ಅನ್ನುತ್ತಾರಂತೆ.

ಈಗ ಕರಾಮದಲ್ಲಿ ಒಂದೊಂದಾಗಿ ಹಳೆಯ ಕಟ್ಟಡಗಳ ಮುಖ ಬದಲಾಗುತ್ತಿದೆ. ಇರುವಷ್ಟನ್ನಾದರೂ ಪೂರ್ತಿಯಾಗಿ ತೆಗೆದಿಡಬೇಕೆಂದು ಅಗಲದ ಲೆನ್ಸನ್ನು ಕೊನೆಗೂ ಕೊಂಡಿದ್ದೇನೆ. ಮೊದಲ ಫೋಟೋ ಎಲ್ಲಿ ತೆಗೆಯಬೇಕೆಂದು ಯೋಚಿಸಬೇಕಿರಲಿಲ್ಲ. ಮೊನ್ನೆ ಸಂಜೆ ಆ ಕಟ್ಟಡದ ಎದುರಿನ ಫುಟ್‌ಪಾತಿನಲ್ಲಿ ನಿಂತೆ. ಮೂರು ಅಂಗಡಿಗಳ ಗೋಡೆ ಒಡೆದು ಮಾಡಿದ ಸೂಪರ್ ಮಾರ್ಕೆಟ್ಟು, ಉದ್ದಕ್ಕೂ ಗಾಜು. ಹಾಲು ಮೊಸರಿನ ಫ್ರಿಜ್ಜು ಇರುವಲ್ಲಿ ಕಣ್ಣು ಪರೀಕ್ಷೆಯ ಕುರ್ಚಿ ಇತ್ತೆಂದು ನನ್ನ ಅಂದಾಜು.

ಹತ್ತಕ್ಕೆ ತಿರುಗಿಸಿ ಒಂದು ತೆಗೆದೆ. ಎಲ್ಲವೂ ಬಂದಿತ್ತು. ಟೊಮೆಟೊ ಬುಟ್ಟಿಗಳು, ತಳ್ಳುವ ಗಾಡಿಗಳ ಸಾಲು, ಬಿಲ್ ಹಾಕುವ ಹುಡುಗಿ, ಮೇಲಿನ ಮಹಡಿಗಳ ಬಾಲ್ಕನಿಯಲ್ಲಿ ಒಣಗುವ ಬಟ್ಟೆ, ಬಾಗಿಲ ಗಾಜಿನಲ್ಲಿ ಕ್ಯಾಮೆರಾ ಹಿಡಿದ ನಾನು... ಕಾಕಾ ಇದ್ದಿದ್ದರೆ ಇದು ಅಂಗಡಿ ಅನ್ನುತ್ತಿದ್ದರು. ಕೈಯನ್ನು ಕೊಳವೆ ಮಾಡಿ ಒಂದು ಕಣ್ಣಿಗೆ ಹಿಡಿದು, ಇನ್ನೊಂದನ್ನು ಮುಚ್ಚಿ, ಪರದೆಯನ್ನು ಆ ಮೂಲೆಯಿಂದ ಈ ಮೂಲೆಯವರೆಗೆ ನಿಧಾನವಾಗಿ ನೋಡುತ್ತ ಬಂದೆ. ಪರದೆಯಲ್ಲಿ ಫ್ರಿಜ್ಜಿನ ಹತ್ತಿರ ಬಂದು ಕೊಳವೆ ಸ್ವಲ್ಪ ಹೊತ್ತು ನಿಂತಿತು.

ಲೆನ್ಸಿನ ಮೇಲೆ ಧೂಳು ಕೂತಿತ್ತು. ಹೊಸ ಬಟ್ಟೆಯಿಂದ ಒರೆಸಿದೆ. ಹಳೆಯದನ್ನು ಬಿಸಾಡಬೇಕಿತ್ತು, ಮಡಚಿ ಬ್ಯಾಗಿನ ಪಕ್ಕದ ಜೇಬಿಗೆ ಹಾಕಿಕೊಂಡೆ.